ಏಳನೇ ಸೆಮಿಸ್ಟರ್‌ಗೆ ಜರ್ಮನಿಗೆ ಹೋದರೆ ವರ್ಷ ಹಾಳಾಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಜಮಖಂಡಿ ತಾಲೂಕಿನ ಒಂದು ಹಳ್ಳಿ. ನಾನು ಬೆಳಗಾವಿಯ ಒಂದು ಅಟಾನಮಸ್ ಕಾಲೇಜಿನಲ್ಲಿ ಇಲೆಕ್ಟ್ರಾನಿಕ್ಸ್ ಬಿ.ಇ. ಓದುತ್ತಿದ್ದೇನೆ. ಈಗ ಐದನೇ ಸೆಮಿಸ್ಟರ್, ಸಿಜಿಪಿಎ 8.4. ಜರ್ಮನಿಯ ಒಂದು ಯೂನಿವರ್ಸಿಟಿ ಜೊತೆ ನಮ್ಮ ಕಾಲೇಜಿನ ಎಂಒಯು (ಸಹಕಾರದ ಒಡಂಬಡಿಕೆ) ಇದೆ, ಏಳನೇ ಸೆಮಿಸ್ಟರ್ ಅಲ್ಲಿ ಓದುವುದಾದರೆ ಹೆಸರು ಕೊಡು ಅಂತ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹೇಳಿದ್ದಾರೆ. ಟ್ಯೂಷನ್ ಫೀ ಇಲ್ಲ, ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆಯಾದ ಎರಾಸ್ಮಸ್ ಸ್ಕಾಲರ್‌ಶಿಪ್ ಸಿಗಬಹುದು ಅಂತಾರೆ. ಆದರೆ ಹಿಂದೆ ಹೋಗಿ ಬಂದ ಸೀನಿಯರ್ ಒಬ್ಬರಿಗೆ ಎರಡು ಸಬ್ಜೆಕ್ಟ್ ಉಳಿದು ಡಿಗ್ರಿ ತಡವಾಯಿತು, ಪ್ಲೇಸ್‌ಮೆಂಟೂ ತಪ್ಪಿತು. ಬಂದ ಮೇಲೆ ಅವರು ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಅಪ್ಪ ಕಬ್ಬು ಬೆಳೆಯುತ್ತಾರೆ. ‘ಎಂಟು ಲಕ್ಷ ಹಾಕಿ ಒಂದು ವರ್ಷ ಕಳಕೊಂಡು ಬರ್ತಾಳ ನೋಡು’ ಅಂತ ಕಾಕಾ ಅಪ್ಪನ ತಲೆ ತುಂಬಿದ್ದಾರೆ. ಇಲ್ಲಿಯ ಒಂದು ಕನ್ಸಲ್ಟೆನ್ಸಿಯವರು 2 ಲಕ್ಷ 80 ಸಾವಿರ ಕೊಟ್ಟರೆ ಮೂರು ವಾರದ ಯುರೋಪ್ ಎಕ್ಸ್‌ಚೇಂಜ್ ಮಾಡಿಸಿ ಸರ್ಟಿಫಿಕೇಟ್ ಕೊಡಿಸುತ್ತಾರಂತೆ, ಅದೇ ಸಾಕಲ್ಲ ಅಂತ ಅವ್ವ. ಒಬ್ಬಳೇ ಇರಬೇಕಲ್ಲ ಅನ್ನೋ ಭಯ ನನಗೂ ಇದೆ. ಹೋಗಲಾ, ಬಿಡಲಾ?

ಉತ್ತರ: ತಂಗಿ, ಪ್ರಶ್ನೆ ಒಂದೇ ಅನಿಸಿದರೂ ಒಳಗೆ ನಾಲ್ಕಿವೆ. ವರ್ಷ ಹಾಳಾಗುತ್ತಾ, ಪ್ಲೇಸ್‌ಮೆಂಟ್ ತಪ್ಪುತ್ತಾ, ದುಡ್ಡು ಎಷ್ಟು, ಒಬ್ಬಳೇ ಇರಲಿಕ್ಕಾಗುತ್ತಾ. ಕನ್ಸಲ್ಟೆನ್ಸಿ ವಿಷಯಕ್ಕೆ ಸಣ್ಣ ಉತ್ತರ ಸಾಕು, ಅದನ್ನು ಆಮೇಲೆ ಹೇಳುತ್ತೇನೆ.

ಬೆಳಗಾವಿಯಲ್ಲೇ ಒಂದು ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಇದೇ ಕಾಗದಪತ್ರ ನೋಡಿಕೊಂಡು ಬಂದವನು ನಾನು. ಹೋಗಿ ಬಂದ ಹುಡುಗರನ್ನೂ ನೋಡಿದ್ದೇನೆ, ಬಂದ ಮೇಲೆ ಎಕ್ಸಾಮ್ ಸೆಕ್ಷನ್ ಕಿಟಕಿ ಮುಂದೆ ನಿಂತು ಕಣ್ಣೀರು ಹಾಕಿದವರನ್ನೂ ನೋಡಿದ್ದೇನೆ. ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವರ್ಷ ಕಳೆದುಕೊಂಡವರಲ್ಲಿ ಹೆಚ್ಚಿನವರು ಅದನ್ನು ಕಳೆದುಕೊಂಡದ್ದು ವಿಮಾನ ಹತ್ತುವ ಮೊದಲೇ, ಇಲ್ಲಿ ಸಹಿ ಆಗಬೇಕಿದ್ದ ಒಂದು ಕಾಗದ ಸಹಿ ಆಗದೇ ಹೋದದ್ದರಿಂದ. ಅಲ್ಲಿ ಓದಿದ ಯಾವ ಸಬ್ಜೆಕ್ಟು ಇಲ್ಲಿಯ ಯಾವ ಸಬ್ಜೆಕ್ಟಿನ ಬದಲಿಗೆ, ಎಷ್ಟು ಕ್ರೆಡಿಟ್, ಗ್ರೇಡ್ ಹೇಗೆ ಬದಲಾಯಿಸುತ್ತೀರಿ ಅನ್ನೋದು ಆ ಕಾಗದದಲ್ಲಿ ಇರಬೇಕು.

ಇದು ನಮ್ಮ ಕಡೆಯ ಕಾಲೇಜುಗಳ ತೊಂದರೆ ಮಾತ್ರ ಅಂದುಕೊಳ್ಳಬೇಡಿ. ಎರಾಸ್ಮಸ್ ಹುಟ್ಟಿದ್ದೇ ಇಂಥ ಒಂದು ಅವಮಾನದಿಂದ. ಇಟಲಿಯ ಸೋಫಿಯಾ ಕೊರಾಡಿ ಅನ್ನೋ ಹುಡುಗಿ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಗೆ ಹೋಗಿ ಕಾನೂನಿನಲ್ಲಿ ಮಾಸ್ಟರ್ಸ್ ಮಾಡಿಕೊಂಡು 1958ರಲ್ಲಿ ವಾಪಸ್ ಬಂದರೆ, ರೋಮ್ ಯೂನಿವರ್ಸಿಟಿಯವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಕೆ ಆ ಸಿಟ್ಟನ್ನು ಬಿಡಲಿಲ್ಲ. ವರ್ಷಗಟ್ಟಲೆ ಬೆನ್ನು ಹತ್ತಿದರು. ಕೊನೆಗೆ 1987ರಲ್ಲಿ ಎರಾಸ್ಮಸ್ ಶುರುವಾಯಿತು, ಆಕೆಗೆ ‘ಮಮ್ಮಾ ಎರಾಸ್ಮಸ್’ ಅಂತ ಹೆಸರೇ ಬಿತ್ತು. ಅಷ್ಟು ದೊಡ್ಡ ಯೋಜನೆಯ ಬುಡದಲ್ಲಿ ಇದ್ದದ್ದೂ ಇದೇ ಕ್ರೆಡಿಟ್ ಜಗಳ.

ಈಗ ನಿಮ್ಮ ವಿಷಯ. ನಿಮ್ಮದು ಅಟಾನಮಸ್ ಕಾಲೇಜು ಅಂದಿರಿ, ಒಳ್ಳೆಯದಾಯಿತು. ಡಿಗ್ರಿ ಕೊಡುವುದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಆದರೂ ಪಠ್ಯ, ಪರೀಕ್ಷೆ ಎರಡೂ ಕಾಲೇಜಿನ ಕೈಯಲ್ಲಿವೆ. ಬೋರ್ಡ್ ಆಫ್ ಸ್ಟಡೀಸ್ ಒಪ್ಪಿ, ಅಕಾಡೆಮಿಕ್ ಕೌನ್ಸಿಲ್ ಒಪ್ಪಿದರೆ ಹೊರಗಿನ ಕ್ರೆಡಿಟ್ ಒಳಗೆ ಬರುತ್ತದೆ. ವಿಟಿಯುಗೆ ಬರೀ ಅಫಿಲಿಯೇಟ್ ಆಗಿರುವ ಕಾಲೇಜಿನಲ್ಲಿ ಇದ್ದಿದ್ದರೆ ಪ್ರಶ್ನೆಪತ್ರಿಕೆಯೂ ಅವರದೇ, ಫಲಿತಾಂಶವೂ ಅವರದೇ, ಆಗ ಮಚ್ಛೆಯ ಜ್ಞಾನಸಂಗಮಕ್ಕೆ, ಅಂದರೆ ವಿಟಿಯು ಕಚೇರಿಗೆ, ಎಡತಾಕಬೇಕಾಗುತ್ತಿತ್ತು. ಅಟಾನಮಸ್ ಅಂದ ಮಾತ್ರಕ್ಕೆ ಕೆಲಸ ತಾನಾಗೇ ಆಗುತ್ತೆ ಅಂತಲ್ಲ. ‘ಹೋಗಿ ಬಾರವ್ವಾ, ಆಮೇಲೆ ನೋಡೋಣ’ ಅಂತ ಎಚ್‌ಒಡಿ ಹೇಳಿದರೆ ಅವರು ಒಳ್ಳೇ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ನೀವು ವಾಪಸ್ ಬರುವ ಹೊತ್ತಿಗೆ ಅವರು ಎಚ್‌ಒಡಿ ಆಗಿರುತ್ತಾರೋ ಇಲ್ಲವೋ. ಬಾಯಿಮಾತು ಕಂಟ್ರೋಲರ್ ಆಫ್ ಎಕ್ಸಾಮಿನೇಷನ್ಸ್ ಟೇಬಲ್ ಮೇಲೆ ನಡೆಯುವುದಿಲ್ಲ.

ಎಂಒಯು ಬಗ್ಗೆಯೂ ಒಂದು ಮಾತು. ಶಾಲು ಹೊದಿಸಿ, ಫೇಟಾ ಸುತ್ತಿ, ಪೇಪರಿನಲ್ಲಿ ಫೋಟೋ ಬಂದಿರುತ್ತೆ ನೋಡಿ, ಆ ಎಂಒಯು ಹೆಣ್ಣು ನೋಡಿ ಚಹಾ ಕುಡಿದು ಬಂದ ಹಾಗೆ, ಲಗ್ನ ಇನ್ನೂ ದೂರ. ‘ಎರಡೂ ಸಂಸ್ಥೆಗಳು ಸಹಕರಿಸುತ್ತವೆ’ ಅಂತಷ್ಟೇ ಅದರಲ್ಲಿ ಬರೆದಿರುತ್ತದೆ. ವರ್ಷಕ್ಕೆ ಎಷ್ಟು ವಿದ್ಯಾರ್ಥಿಗಳು, ಯಾವ ವಿಭಾಗದವರು, ಅಲ್ಲಿ ಫೀ ಮಾಫಿ ಇದೆಯಾ ಇಲ್ವಾ ಅನ್ನೋದು ಪ್ರತ್ಯೇಕ ಸ್ಟೂಡೆಂಟ್ ಎಕ್ಸ್‌ಚೇಂಜ್ ಅಗ್ರಿಮೆಂಟಿನಲ್ಲಿ ಇರುತ್ತದೆ. ಅದರ ಪ್ರತಿ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ, ಬೈದರೆ ಅದೂ ಒಂದು ಉತ್ತರವೇ.

ಅಗ್ರಿಮೆಂಟ್ ಸರಿಯಿದ್ದರೆ ಮುಂದಿನದು ಲರ್ನಿಂಗ್ ಅಗ್ರಿಮೆಂಟ್, ನಾನು ಮೊದಲೇ ಹೇಳಿದ ಕಾಗದ ಇದೇ. ಇದರ ಮೇಲೆ ಮೂರು ಸಹಿ ಬೇಕು: ನಿಮ್ಮದು, ನಿಮ್ಮ ಕಾಲೇಜಿನದು, ಆ ಕಡೆಯವರದು. ಎಡಗಡೆ ಅಲ್ಲಿಯ ಸಬ್ಜೆಕ್ಟ್, ಬಲಗಡೆ ಇಲ್ಲಿಯದು. ಯುರೋಪಿನಲ್ಲಿ ಒಂದು ಸೆಮಿಸ್ಟರ್ ಅಂದರೆ 30 ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಪದ್ಧತಿ) ಕ್ರೆಡಿಟ್, ವರ್ಷಕ್ಕೆ 60. ವಿಟಿಯುನ 2022ರ ಸ್ಕೀಮ್‌ನಲ್ಲಿ ಇಡೀ ಬಿ.ಇ.ಗೆ 160 ಕ್ರೆಡಿಟ್, ಅಂದರೆ ಸೆಮಿಸ್ಟರ್‌ಗೆ ಸರಾಸರಿ 20. ಹಾಗಾಗಿ ಅಲ್ಲಿಯ ಒಂದೂವರೆ ಇಲ್ಲಿಯ ಒಂದಕ್ಕೆ ಸಮ ಅಂತ ಹಿಡಿಯಬಹುದು, ಅಂಥ ಯಾವುದೋ ಒಂದು ಸೂತ್ರವನ್ನು ನಿಮ್ಮ ಕಾಲೇಜು ಬರಹದಲ್ಲಿ ಒಪ್ಪಿರಬೇಕು. ಅದಿಲ್ಲದೆ ಐದು ಇಸಿಟಿಎಸ್‌ನ ಕೋರ್ಸು ಮಾಡಿಕೊಂಡು ಬಂದು, ಇಲ್ಲಿ ನಾಲ್ಕು ಕ್ರೆಡಿಟ್‌ನ ಸಬ್ಜೆಕ್ಟಿಗೆ ಅದು ಸಾಕಾ ಅಂತ ಕಿಟಕಿ ಮುಂದೆ ವಾದ ಮಾಡುತ್ತಾ ನಿಲ್ಲಬೇಕಾಗುತ್ತದೆ.

ಗ್ರೇಡಿನದಂತೂ ನಗಬೇಕೋ ಅಳಬೇಕೋ ತಿಳಿಯದ ಕಥೆ. ಜರ್ಮನಿಯಲ್ಲಿ 1.0 ಎಲ್ಲಕ್ಕಿಂತ ಒಳ್ಳೆಯ ಅಂಕ. 4.0 ಬಂದರೆ ಪಾಸು, 5.0 ಅಂದರೆ ಫೇಲು. 2.3 ಬಂದರೆ ಅಲ್ಲಿ ‘ಗುಟ್’, ಚೆನ್ನಾಗಿ ಮಾಡಿದ್ದೀರಿ ಅಂತ ಅರ್ಥ. ಆ 2.3 ಅನ್ನು ನಮ್ಮ ಕಡೆಯ ಒಬ್ಬ ಕ್ಲರ್ಕ್ 10ಕ್ಕೆ 2.3 ಅಂತ ಓದಿ, ‘ಇದೇನು ಇಷ್ಟು ಕಮ್ಮಿ’ ಅಂದದ್ದನ್ನು ನನ್ನ ಕಣ್ಣೆದುರೇ ಕಂಡಿದ್ದೇನೆ. ಪಾಪ, ಅವರ ತಪ್ಪೂ ಅಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಕೆಲವು ಕಾಲೇಜುಗಳು ಅಲ್ಲಿಯ ಗ್ರೇಡನ್ನು 10ರ ಅಳತೆಗೆ ಬದಲಾಯಿಸುತ್ತವೆ. ಕೆಲವು ಬರೀ ಪಾಸ್ ಅಂತ ಬರೆದು ಸಿಜಿಪಿಎ ಲೆಕ್ಕದಿಂದ ಹೊರಗಿಡುತ್ತವೆ. ನಿಮಗೆ 8.4 ಇದೆ, ಎರಡನೆಯ ಪದ್ಧತಿಯಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಮೊದಲನೆಯ ಪದ್ಧತಿಯಿದ್ದರೆ ಬದಲಾವಣೆಯ ಕೋಷ್ಟಕ ಹೋಗುವ ಮುಂಚೆಯೇ ಕೈಯಲ್ಲಿರಲಿ.

ಇನ್ನು ನಿಮ್ಮ ಸೀನಿಯರ್ ವಿಷಯ. ಅವರಿಗೆ ಏನಾಯಿತೋ ಅವರನ್ನೇ ಕೇಳಿ. ನಾನು ನೋಡಿದವರಲ್ಲಿ ಸಬ್ಜೆಕ್ಟ್ ಉಳಿದದ್ದಕ್ಕೆ ದಡ್ಡತನ ಕಾರಣ ಆಗಿರಲಿಲ್ಲ. ಹೋದ ಮೇಲೆ, ಇಲ್ಲಿ ಬರೆದುಕೊಟ್ಟಿದ್ದ ಕೋರ್ಸು ಆ ಸೆಮಿಸ್ಟರ್‌ನಲ್ಲಿ ಇಂಗ್ಲಿಷಿನಲ್ಲಿ ನಡೆಯುವುದಿಲ್ಲ ಅಂತ ಗೊತ್ತಾಗುತ್ತದೆ. ಅಥವಾ ಎರಡು ಕ್ಲಾಸು ಒಂದೇ ಹೊತ್ತಿಗೆ ಬರುತ್ತವೆ. ಹುಡುಗ ಬೇರೊಂದು ಕೋರ್ಸು ತೆಗೆದುಕೊಳ್ಳುತ್ತಾನೆ, ಚೆನ್ನಾಗಿ ಓದುತ್ತಾನೆ, ಪಾಸೂ ಆಗುತ್ತಾನೆ, ಆದರೆ ಊರಿನ ಕಾಲೇಜಿಗೆ ತಿಳಿಸಿ ಬದಲಾವಣೆ ಫಾರಂ ಮೇಲೆ ಸಹಿ ಮಾಡಿಸಿಕೊಂಡಿರುವುದಿಲ್ಲ. ಬಂದ ಮೇಲೆ ಆ ಕೋರ್ಸಿಗೆ ಇಲ್ಲಿ ಜೋಡಿಯೇ ಇಲ್ಲ. ಹೋದ ಮೊದಲ ವಾರಗಳಲ್ಲೇ ಈ ಬದಲಾವಣೆ ಮುಗಿಸಿಬಿಡಬೇಕು.

ಎರಡನೇ ಕಾರಣ ಪರೀಕ್ಷೆಯ ಪದ್ಧತಿ. ಇಲ್ಲಿ ಇಂಟರ್ನಲ್ಸ್ ಇರುತ್ತವೆ, ಅಸೈನ್‌ಮೆಂಟ್ ಇರುತ್ತವೆ, ಅಟೆಂಡೆನ್ಸ್ ಕಮ್ಮಿಯಾದರೆ ಮೇಷ್ಟ್ರು ಮನೆಗೆ ಫೋನ್ ಮಾಡುತ್ತಾರೆ. ಅಲ್ಲಿ ಬಹಳಷ್ಟು ಕೋರ್ಸುಗಳಿಗೆ ಕೊನೆಯಲ್ಲಿ ಒಂದೇ ಪರೀಕ್ಷೆ, ಪೂರ್ತಿ ಅಂಕ ಅದಕ್ಕೇ. ನೀವು ಕ್ಲಾಸಿಗೆ ಬಂದಿರಾ ಬಿಟ್ಟಿರಾ ಅಂತ ಕೇಳುವವರು ಕಡಿಮೆ. ಕೋರ್ಸಿಗೆ ಹೆಸರು ಹಚ್ಚಿದರೆ ಸಾಲದು, ಪರೀಕ್ಷೆಗೆ ಪ್ರತ್ಯೇಕವಾಗಿ, ಅವರು ಹೇಳಿದ ದಿನಗಳೊಳಗೆ ಆನ್‌ಲೈನಿನಲ್ಲಿ ನೋಂದಾಯಿಸಬೇಕು. ಆ ದಿನ ದಾಟಿದರೆ ಮುಗಿಯಿತು, ಕೈಕಾಲು ಹಿಡಿದರೂ ಕೂರಿಸುವುದಿಲ್ಲ. ನಮ್ಮ ಹುಡುಗರು ‘ಫೈನ್ ಕಟ್ಟಿದರೆ ಆಯ್ತು’ ಅನ್ನೋ ಅಭ್ಯಾಸದಲ್ಲಿರುತ್ತಾರೆ. ಅಲ್ಲಿ ಫೇಲಾದರೆ ಮರುಪರೀಕ್ಷೆ ಮುಂದಿನ ಸೆಮಿಸ್ಟರ್‌ಗೆ, ಅಷ್ಟರಲ್ಲಿ ನೀವು ಜಮಖಂಡಿಯಲ್ಲಿ. ಆದ್ದರಿಂದ ಲರ್ನಿಂಗ್ ಅಗ್ರಿಮೆಂಟ್ ಜೊತೆಗೇ ಕಾಲೇಜಿನಿಂದ ಇನ್ನೊಂದು ಸಾಲು ಬರೆಸಿಕೊಳ್ಳಿ: ಅಲ್ಲಿ ಉಳಿದ ಕೋರ್ಸಿನ ಬದಲಿಗೆ ಇಲ್ಲಿಯ ಸಬ್ಜೆಕ್ಟನ್ನು ಮೇಕಪ್ ಪರೀಕ್ಷೆಯಲ್ಲಿ ಬರೆಯಬಹುದು ಅಂತ. ಈ ಒಂದು ಸಾಲು ಇದ್ದರೆ ಫೇಲ್ ಆದರೂ ವರ್ಷ ಹೋಗುವುದಿಲ್ಲ.

ಮೂರನೆಯದು ಕ್ಯಾಲೆಂಡರ್. ಜರ್ಮನಿಯ ವಿಂಟರ್ ಸೆಮಿಸ್ಟರ್ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಅನ್ವಯಿಕ ಕೋರ್ಸುಗಳ ಹೊಖ್‌ಶೂಲೆ ಅನ್ನೋ ಸಂಸ್ಥೆಗಳಲ್ಲಿ ಸ್ವಲ್ಪ ಮುಂಚೆ ಸೆಪ್ಟೆಂಬರ್‌ನಿಂದ. ಪರೀಕ್ಷೆ ಜನವರಿ ಕೊನೆ, ಫೆಬ್ರುವರಿ. ಟ್ರಾನ್ಸ್‌ಕ್ರಿಪ್ಟ್ ಕೈಗೆ ಬರುವಾಗ ಮಾರ್ಚ್ ದಾಟಬಹುದು. ಇಲ್ಲಿ ಅಷ್ಟರಲ್ಲಿ ಏಳನೇ ಸೆಮಿಸ್ಟರ್ ಫಲಿತಾಂಶ ಬಂದು ಎಂಟನೆಯದು ಶುರುವಾಗಿರುತ್ತದೆ. ನಿಮ್ಮ ಹೆಸರಿನ ಮುಂದೆ ಏನೂ ಇರುವುದಿಲ್ಲ. ಅದು ಫೇಲ್ ಅಲ್ಲ, ಬರೀ ತಡ. ಅದು ಗೊತ್ತಿಲ್ಲದ ಕಾಕಾನಂಥವರು ‘ರಿಸಲ್ಟೇ ಬಂದಿಲ್ಲಂತ’ ಅಂತ ಊರೆಲ್ಲ ಹೇಳುತ್ತಾರೆ ಅಷ್ಟೆ.

ಪ್ಲೇಸ್‌ಮೆಂಟಿನ ಭಯ ಮಾತ್ರ ಸುಮ್ನೆ ಹುಟ್ಟಿದ್ದಲ್ಲ. ಕಂಪನಿಗಳು ಏಳನೇ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಕ್ಯಾಂಪಸ್ಸಿಗೆ ಬರುತ್ತವೆ. ಆಗ ನೀವು ಇಲ್ಲಿ ಇರುವುದಿಲ್ಲ. ಆನ್‌ಲೈನ್ ಟೆಸ್ಟ್, ಆನ್‌ಲೈನ್ ಇಂಟರ್ವ್ಯೂ ಇರುವ ಕಂಪನಿಗಳಿಗೆ ಅಲ್ಲಿಂದಲೇ ಕೂರಬಹುದು. ಸಮಯದ ಅಂತರ ಚಳಿಗಾಲದಲ್ಲಿ ನಾಲ್ಕೂವರೆ ತಾಸು, ಇಲ್ಲಿಯ ಬೆಳಿಗ್ಗೆ 9 ಗಂಟೆಯ ಟೆಸ್ಟಿಗೆ ಅಲ್ಲಿ ನಸುಕಿನ ನಾಲ್ಕೂವರೆಗೆ ಎದ್ದು ಕೂರಬೇಕು. ಆದರೆ ಕ್ಯಾಂಪಸ್ಸಿಗೇ ಬಂದು ಲ್ಯಾಬಿನಲ್ಲಿ ಟೆಸ್ಟ್ ಮಾಡುವ ಕಂಪನಿಗಳು ತಪ್ಪುತ್ತವೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪ್ಲೇಸ್‌ಮೆಂಟ್ ಆಫೀಸರನ್ನು ಈಗಲೇ ಕಂಡು, ಕಳೆದ ಎರಡು ವರ್ಷ ಇಲೆಕ್ಟ್ರಾನಿಕ್ಸ್‌ನವರನ್ನು ತೆಗೆದುಕೊಂಡ ಕಂಪನಿಗಳಲ್ಲಿ ಎಷ್ಟು ಆನ್‌ಲೈನ್ ಆಗಿದ್ದವು ಅಂತ ಕೇಳಿ. ಮನೆಗೆ ಕೆಲಸ ತುರ್ತಾಗಿ ಬೇಕಿದ್ದರೆ ಆ ಉತ್ತರದ ಮೇಲೇ ನಿಮ್ಮ ತೀರ್ಮಾನ ನಿಲ್ಲುತ್ತದೆ.

ದುಡ್ಡಿಗೆ ಬರೋಣ. ಕಾಕಾ ಹೇಳಿದ ಎಂಟು ಲಕ್ಷ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಎಕ್ಸ್‌ಚೇಂಜ್ ಅಂದರೆ ನೀವು ಇಲ್ಲಿಯ ಫೀ ಎಂದಿನಂತೆ ಕಟ್ಟುತ್ತೀರಿ, ಅಲ್ಲಿಯ ಟ್ಯೂಷನ್ ಮಾಫಿ. ಅಲ್ಲಿ ಸೆಮಿಸ್ಟರ್ ಶುಲ್ಕ ಅಂತ 100ರಿಂದ 400 ಯೂರೋ ಇರುತ್ತದೆ, ಬಸ್ಸು ರೈಲಿನ ಪಾಸೂ ಅದರಲ್ಲಿ ಸೇರಿರಬಹುದು. ದೊಡ್ಡದು ವೀಸಾಕ್ಕೆ ತೋರಿಸಬೇಕಾದ ದುಡ್ಡು. ಜರ್ಮನಿಯವರು ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಬ್ಲಾಕ್ಡ್ ಅಕೌಂಟ್ ಕೇಳುತ್ತಾರೆ. ಆರು ತಿಂಗಳಿಗೆ 5,952 ಯೂರೋ. ಯೂರೋಗೆ ಸುಮಾರು 100 ರೂಪಾಯಿ ಹಿಡಿದರೆ ಹತ್ತಿರ ಹತ್ತಿರ ಆರು ಲಕ್ಷ. ಅಪ್ಪನಿಗೆ ಇದನ್ನು ಸರಿಯಾಗಿ ಬಿಡಿಸಿ ಹೇಳಿ: ಇದು ಫೀ ಅಲ್ಲ. ನಿಮ್ಮ ಹೆಸರಿನಲ್ಲೇ ಇರುವ ದುಡ್ಡು. ತಿಂಗಳಿಗಿಷ್ಟು ಅಂತ ಬಿಡುಗಡೆಯಾಗುತ್ತದೆ, ಖರ್ಚಾಗದೆ ಉಳಿದದ್ದು ನಿಮ್ಮದೇ. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲ ಅದರೊಳಗೇ. ಇದರ ಮೇಲೆ ವಿಮಾನದ ಖರ್ಚು, 75 ಯೂರೋ ವೀಸಾ ಫೀ, ರೂಮಿನ ಡಿಪಾಸಿಟ್, ಚಳಿಗಾಲದ ಬಟ್ಟೆ. ಡಿಪಾಸಿಟ್ ವಾಪಸ್ ಬರುತ್ತದೆ, ಆದರೆ ತಿಂಗಳುಗಳ ನಂತರ.

ಸ್ಕಾಲರ್‌ಶಿಪ್ ‘ಸಿಗಬಹುದು’ ಅನ್ನೋದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮಂಥ ದೇಶಗಳಿಂದ ಹೋಗುವವರಿಗೆ ಎರಾಸ್ಮಸ್ ಪ್ಲಸ್‌ನಲ್ಲಿ (ಎರಾಸ್ಮಸ್‌ನ ಈಗಿನ ಹೆಸರು) ತಿಂಗಳಿಗೆ 800ರಿಂದ 900 ಯೂರೋ ಕೊಡುತ್ತಾರೆ, ಪ್ರಯಾಣಕ್ಕೂ ಒಂದಿಷ್ಟು. ಆದರೆ ಅದು ಹುಡುಗರು ನೇರವಾಗಿ ಅರ್ಜಿ ಹಾಕಿ ಪಡೆಯುವಂಥದ್ದಲ್ಲ. ಎರಡು ಸಂಸ್ಥೆಗಳ ನಡುವೆ ಆ ಯೋಜನೆಗೇ ದುಡ್ಡು ಮಂಜೂರಾಗಿರಬೇಕು. ಎಂಒಯು ಇದ್ದು ಎರಾಸ್ಮಸ್ ಮಂಜೂರಾತಿ ಇಲ್ಲದ ಕಾಲೇಜುಗಳು ಬೇಕಾದಷ್ಟಿವೆ. ಗ್ರಾಂಟ್ ಪತ್ರ ಕೈಗೆ ಬಂದರೂ ನೋಡಿ, 850 ಕೊಟ್ಟರೆ 992ಕ್ಕೆ ಇನ್ನೂ 142 ಕಡಿಮೆ, ಆ ಅಂತರವನ್ನು ನೀವು ತೋರಿಸಬೇಕು. ಹಲವು ಕಡೆ ಮೊದಲ ಕಂತು ಬರುವುದು ಅಲ್ಲಿಗೆ ಹೋಗಿ ಹೆಸರು ನೋಂದಾಯಿಸಿದ ಮೇಲೆ. ಮೊದಲ ತಿಂಗಳ ಬಾಡಿಗೆ, ಡಿಪಾಸಿಟ್, ಟಿಕೆಟ್ ಎಲ್ಲ ಅಪ್ಪನ ಕೈಯಿಂದಲೇ.

ನಿಮ್ಮ ಕಡೆ ಒಂದು ಅನುಕೂಲ ಇದೆ. ಅಕ್ಟೋಬರ್‌ಗೆ ಹೋಗುವವರು ವೀಸಾಕ್ಕೆ ದುಡ್ಡು ಜೋಡಿಸಬೇಕಾದದ್ದು ಜೂನ್, ಜುಲೈ ಸುಮಾರಿಗೆ. ಅಷ್ಟರಲ್ಲಿ ಕಬ್ಬಿನ ಹಂಗಾಮು ಮುಗಿದಿರುತ್ತದೆ. ಫ್ಯಾಕ್ಟರಿಯವರು 14 ದಿನದಲ್ಲಿ ಬಿಲ್ ಕೊಡಬೇಕು ಅಂತ ಕಾನೂನಿದೆ, ಆದರೆ ಹೇಗೆ ಕೊಡುತ್ತಾರೆ ಅಂತ ನಿಮ್ಮಪ್ಪನಿಗೆ ನಾನು ಹೇಳಿಕೊಡಬೇಕಿಲ್ಲ. ಜೂನ್ ಹೊತ್ತಿಗಾದರೂ ಬಂದಿರುತ್ತದೆ ಅನ್ನೋಣ. ಬಡ್ಡಿ ಸಾಲ ಮಾತ್ರ ಬೇಡ. ‘ಹೋಗಿ ಪಾರ್ಟ್ ಟೈಮ್ ಮಾಡಿ ತೀರಿಸುತ್ತೇನೆ’ ಅನ್ನೋ ಲೆಕ್ಕವೂ ಬೇಡ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅಲ್ಲಿ ಅನುಮತಿ ಇದೆ, ನಿಜ. ಆದರೆ ಸಣ್ಣ ಊರಿನಲ್ಲಿ ಜರ್ಮನ್ ಬಾರದವರಿಗೆ ಕೆಲಸ ಹುಡುಕುವುದರಲ್ಲೇ ಅರ್ಧ ಸೆಮಿಸ್ಟರ್ ಕಳೆಯುತ್ತದೆ.

ಸಣ್ಣ ಸಣ್ಣ ಖರ್ಚಿನಲ್ಲಿ ಎಲ್ಲರಿಗೂ ಗಾಬರಿ ಹುಟ್ಟಿಸುವುದು ಒಂದು ಪತ್ರ. ರೂಮು ಹಿಡಿದು ಎರಡು ವಾರದೊಳಗೆ ಅಲ್ಲಿಯ ಪುರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು, ಮನೆ ಮಾಲೀಕರ ಸಹಿ ಇರುವ ಕಾಗದ ಬೇಕು. ನೋಂದಾಯಿಸಿದ ಕೆಲವೇ ದಿನಕ್ಕೆ ರೇಡಿಯೋ–ಟಿವಿ ಶುಲ್ಕ ಕಟ್ಟಿ ಅಂತ ಜರ್ಮನ್ ಭಾಷೆಯಲ್ಲಿ ಲಕೋಟೆ ಬರುತ್ತದೆ, ಮನೆಗೆ ತಿಂಗಳಿಗೆ 18.36 ಯೂರೋ. ನಮ್ಮ ಹುಡುಗರು ‘ನನ್ನ ಹತ್ರ ಟಿವಿನೇ ಇಲ್ಲ’ ಅಂತ ಮೂಲೆಗೆ ಎಸೆಯುತ್ತಾರೆ. ಟಿವಿ ಇರಲಿ ಬಿಡಲಿ, ಮನೆಗೊಂದು ಶುಲ್ಕ ಕಟ್ಟಲೇಬೇಕು. ಒಂದೇ ಫ್ಲ್ಯಾಟಿನಲ್ಲಿ ನಾಲ್ವರಿದ್ದರೆ ಒಬ್ಬರು ಕಟ್ಟಿ ಉಳಿದವರು ಪಾಲು ಕೊಡಬಹುದು. ವಾಪಸ್ ಬರುವಾಗ ಪುರಸಭೆಯಲ್ಲಿ ಹೆಸರು ತೆಗೆಸಿ, ಶುಲ್ಕದವರಿಗೂ ಬರೆದು ತಿಳಿಸಿ ಬನ್ನಿ. ಇಲ್ಲದಿದ್ದರೆ ನೀವು ಬೆಳಗಾವಿಯಲ್ಲಿದ್ದರೂ ಅಲ್ಲಿ ಬಾಕಿ ಬೆಳೆಯುತ್ತಿರುತ್ತದೆ.

ಕನ್ಸಲ್ಟೆನ್ಸಿ. ಮೂರು ವಾರ ಹೋಗುವುದು ಶೆಂಗೆನ್ ಶಾರ್ಟ್ ಸ್ಟೇ ವೀಸಾ ಮೇಲೆ. ಕ್ಲಾಸಿನ ಕೋಣೆಯಲ್ಲಿ ಕೂರಿಸಿ, ಒಂದೆರಡು ಫ್ಯಾಕ್ಟರಿ ತೋರಿಸಿ, ಪ್ಯಾರಿಸ್‌ನಲ್ಲಿ ಫೋಟೋ ತೆಗೆಸಿ ಕರೆದುಕೊಂಡು ಬರುತ್ತಾರೆ. ಪ್ರವಾಸ ಅಂತ ಹೋಗುವುದಾದರೆ ತಪ್ಪೇನಿಲ್ಲ, ಹೋಗಿ ಬನ್ನಿ. ಎಕ್ಸ್‌ಚೇಂಜ್ ಅಂತ ಕರೆಯಬೇಡಿ. ಎರಡು ಸಂಸ್ಥೆಗಳ ನಡುವೆ ಒಪ್ಪಂದ ಇರಬೇಕು, ಟ್ಯೂಷನ್ ಮಾಫಿ ಇರಬೇಕು, ಕ್ರೆಡಿಟ್ ಬರಬೇಕು. ಮೂರೂ ಇಲ್ಲದ ಸರ್ಟಿಫಿಕೇಟು ರೆಸ್ಯೂಮೆಯಲ್ಲಿ ಒಂದು ಸಾಲು ತುಂಬುತ್ತದೆ ಅಷ್ಟೆ, ಅದಕ್ಕೆ 2 ಲಕ್ಷ 80 ಸಾವಿರ ಜಾಸ್ತಿ ಆಯ್ತು. ಇದೇ ಅಂಗಡಿಗಳಲ್ಲಿ ‘ಎರಡು ವರ್ಷ ಇಲ್ಲಿ ಓದಿ, ಫಾರಿನ್ ಡಿಗ್ರಿ ತಗೊಳ್ಳಿ’ ಅಂತಲೂ ಬೋರ್ಡು ಕಾಣಿಸಬಹುದು. ವಿದೇಶಿ ಯೂನಿವರ್ಸಿಟಿ ಜೊತೆ ಸೇರಿ ಡಿಗ್ರಿ ಕೊಡುವುದಕ್ಕೆ ಯುಜಿಸಿಯ 2022ರ ನಿಯಮಗಳಿವೆ. ಅದರಲ್ಲಿ ಫ್ರಾಂಚೈಸಿಗೆ (ಹೆಸರು ಅವರದು, ನಡೆಸುವವರು ಇಲ್ಲಿಯವರು) ಅವಕಾಶವೇ ಇಲ್ಲ, ಸ್ವಲ್ಪ ಇಲ್ಲಿ ಸ್ವಲ್ಪ ಅಲ್ಲಿ ಓದುವ ಟ್ವಿನ್ನಿಂಗ್‌ನಲ್ಲೂ ಹೊರಗಿನ ಕ್ರೆಡಿಟ್ 30 ಪರ್ಸೆಂಟ್ ದಾಟುವಂತಿಲ್ಲ. ಅವ್ವನಿಗೆ ಇಷ್ಟು ಹೇಳಿದರೆ ಸಾಕು.

ಒಬ್ಬಳೇ ಇರೋದು. ಇದಕ್ಕೆ ಧೈರ್ಯದ ಮಾತು ಹೇಳಿ ಕಳಿಸುವವರು ಬಹಳ ಜನ ಸಿಗುತ್ತಾರೆ, ನಾನು ಹಾಗೆ ಹೇಳುವುದಿಲ್ಲ. ಮೊದಲ ಎರಡು ಮೂರು ವಾರ ಎಲ್ಲ ಚೆಂದ. ಆಮೇಲೆ ನವೆಂಬರ್ ಬರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಭಾನುವಾರ ಅಂಗಡಿಗಳು ಬಂದ್. ಶನಿವಾರ ಸಂತೆ ಮಾಡಿಡಲು ಮರೆತರೆ ಭಾನುವಾರ ಬರೀ ಬ್ರೆಡ್ಡು. ಪಕ್ಕದ ರೂಮಿನವರು ಒಳ್ಳೆಯವರೇ, ಆದರೆ ಕರೆಯದೆ ಬಾಗಿಲು ತಟ್ಟುವವರಲ್ಲ. ನಮ್ಮ ಹಳ್ಳಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಮೈಯಾಗ ಆರಾಮಿಲ್ಲೇನು ಅಂತ ಕೇಳುತ್ತಾರಲ್ಲ, ಅಲ್ಲಿ ಯಾರೂ ಕೇಳುವುದಿಲ್ಲ. ಹೊರದೇಶಕ್ಕೆ ಓದಲು ಹೋದವರ ಮನಸ್ಸು ಮೊದಲು ಮೇಲಿದ್ದು, ನಡುವೆ ಕೆಳಗಿಳಿದು, ಮತ್ತೆ ಏರುತ್ತದೆ ಅಂತ ನಾರ್ವೆಯ ಲಿಸ್‌ಗಾರ್ಡ್ ಅನ್ನೋರು 1955ರಲ್ಲೇ ಬರೆದಿದ್ದಾರೆ. ಎಲ್ಲರಿಗೂ ಇದೇ ಅಳತೆಯಲ್ಲಿ ಆಗುತ್ತೆ ಅಂತಲ್ಲ. ಆದರೆ ಒಂದೇ ಸೆಮಿಸ್ಟರ್‌ಗೆ ಹೋದವರ ತೊಂದರೆ ಬೇರೆ: ಮನಸ್ಸು ಮತ್ತೆ ಏರುವ ಹೊತ್ತಿಗೆ ವಾಪಸ್ ಬರುವ ಟಿಕೆಟ್ ಇರುತ್ತದೆ.

ಸೀನಿಯರ್ ಬಂದ ಮೇಲೆ ಮಾತಾಡುತ್ತಿರಲಿಲ್ಲ ಅಂದಿರಲ್ಲ. ಊರಿಗೆ ಮರಳಿದವರಿಗೂ ಇಂಥದೇ ಇಳಿತ ಇರುತ್ತದೆ ಅಂತ 1963ರಲ್ಲಿ ಅಮೆರಿಕದ ಗುಲ್ಲಾಹಾರ್ನ್ ದಂಪತಿ ತೋರಿಸಿದರು. ಅದರ ಮೇಲೆ ಎರಡು ಸಬ್ಜೆಕ್ಟು ಬಾಕಿ, ಗೆಳೆಯರಿಗೆಲ್ಲ ಆಫರ್ ಲೆಟರ್. ಯಾರು ತಾನೇ ಹರಟೆ ಹೊಡೆದಾರು? ಜರ್ಮನಿ ಅವರನ್ನು ಕೆಡಿಸಿತು ಅಂತ ತಿಳಿಯಬೇಡಿ. ನಿಮಗೆ ಈಗಾಗಲೇ ಹಾಸ್ಟೆಲಿನಲ್ಲಿ ನಿದ್ದೆ ಬಾರದಿರುವುದು, ವಾರಗಟ್ಟಲೆ ಮನಸ್ಸು ಕುಗ್ಗುವುದು ಇದ್ದರೆ ಹೋಗುವ ಮುಂಚೆ ಒಬ್ಬ ಡಾಕ್ಟರನ್ನು ಕಾಣಿ, ಮುಚ್ಚಿಟ್ಟುಕೊಂಡು ಹೋಗಬೇಡಿ. ಬರೀ ಭಯವಾದರೆ ಅದಕ್ಕೆ ಮದ್ದು ಅಡುಗೆ. ನಿಜವಾಗಿ ಹೇಳುತ್ತಿದ್ದೇನೆ, ಅಡುಗೆ ಬಂದವರು ಅಲ್ಲಿ ಬೇಗ ಗೆಳೆಯರನ್ನು ಮಾಡಿಕೊಳ್ಳುತ್ತಾರೆ. ಹಾಸ್ಟೆಲಿನ ಅಡುಗೆಮನೆ ಹಂಚಿಕೊಂಡದ್ದು, ಅಲ್ಲೇ ಪರಿಚಯ ಆಗುವುದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಳ್ಳಿ. ಬೆಳಗಾವಿ ಕುಂದಾ, ಪೇಡೆ, ತುಪ್ಪ ಮಾತ್ರ ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ ಅಂತ ಯುರೋಪಿನಲ್ಲಿ ನಿಯಮ ಇದೆ, ಏರ್‌ಪೋರ್ಟಿನಲ್ಲೇ ತೆಗೆದು ಬಿಸಾಕುತ್ತಾರೆ. ಅವ್ವ ಕಟ್ಟಿಕೊಟ್ಟದ್ದು ಕಸದ ಡಬ್ಬಿಗೆ ಬಿದ್ದರೆ ಮೊದಲ ದಿನವೇ ಮನಸ್ಸು ಕೆಡುತ್ತದೆ.

ಹಾಗಾದರೆ ಏನು ಮಾಡಬಹುದು? ನನಗೆ ಕಾಣುವ ದಾರಿ ಮೂರು, ನನ್ನ ಒಲವು ಎರಡನೆಯದರ ಕಡೆ.

ಮೊದಲನೆಯದು ಎಚ್‌ಒಡಿ ಹೇಳಿದ ಹಾಗೆ ಏಳನೇ ಸೆಮಿಸ್ಟರ್‌ಗೇ ಹೋಗುವುದು. ಕಲಿಕೆ ಇದರಲ್ಲೇ ಹೆಚ್ಚು, ಅಪಾಯವೂ ಇದರಲ್ಲೇ ಹೆಚ್ಚು. ಕ್ರೆಡಿಟ್, ಗ್ರೇಡ್, ಮೇಕಪ್ ಮೂರೂ ಬರಹದಲ್ಲಿ ಸಿಕ್ಕರೆ, ಪ್ಲೇಸ್‌ಮೆಂಟಿಗೆ ಕಾಯುವ ಶಕ್ತಿ ಮನೆಗೆ ಇದ್ದರೆ ಹೋಗಿ. ಮುಂದೆ ಮಾಸ್ಟರ್ಸ್ ಮಾಡಬೇಕು ಅನ್ನುವವರಿಗೆ ಕ್ಯಾಂಪಸ್ ತಪ್ಪಿದ್ದು ದೊಡ್ಡ ನಷ್ಟವೇನಲ್ಲ.

ಎರಡನೆಯದು ಎಂಟನೇ ಸೆಮಿಸ್ಟರ್. ಆಗ ಕ್ಲಾಸು ಕಡಿಮೆ, ಇಂಟರ್ನ್‌ಶಿಪ್ಪೇ ಮುಖ್ಯ. ವಿಟಿಯು 2022ರ ಸ್ಕೀಮ್‌ನಲ್ಲಂತೂ ಇಂಟರ್ನ್‌ಶಿಪ್ ಸಲುವಾಗಿ ಏಳು ಮತ್ತು ಎಂಟನೇ ಸೆಮಿಸ್ಟರನ್ನು ಅದಲುಬದಲು ಮಾಡಿಕೊಳ್ಳಲು ಕಾಲೇಜುಗಳಿಗೆ ಅವಕಾಶ ಕೊಟ್ಟಿದ್ದಾರೆ. ನಿಮ್ಮ ಕಾಲೇಜಿನ ಸ್ಕೀಮ್ ಬೇರೆ ಇದ್ದರೂ ಕೇಳಿ ನೋಡಿ. ಏಳನೇ ಸೆಮಿಸ್ಟರ್ ಇಲ್ಲೇ ಮುಗಿಸಿ, ಕ್ಯಾಂಪಸ್ಸಿನಲ್ಲಿ ಕೂತು, ಆಫರ್ ಇಟ್ಟುಕೊಂಡು, ಮಾರ್ಚ್ ಸುಮಾರಿಗೆ ಶುರುವಾಗುವ ಅಲ್ಲಿಯ ಸಮ್ಮರ್ ಸೆಮಿಸ್ಟರ್‌ನಲ್ಲಿ ಒಬ್ಬ ಪ್ರೊಫೆಸರ್ ಲ್ಯಾಬಿನಲ್ಲಿ ಇಂಟರ್ನ್‌ಶಿಪ್ ಮಾಡಬಹುದು. ಆರು ಸಬ್ಜೆಕ್ಟಿಗೆ ಜೋಡಿ ಹುಡುಕುವ ಗೋಜಿಲ್ಲ, ಪರೀಕ್ಷೆ ನೋಂದಣಿಯ ತಲೆಬಿಸಿಯಿಲ್ಲ, ಹಗಲೂ ದೊಡ್ಡದು. ಎರಾಸ್ಮಸ್ ಪ್ಲಸ್‌ನಲ್ಲಿ ಟ್ರೇನಿಶಿಪ್‌ಗೂ ಗ್ರಾಂಟ್ ಉಂಟು. ತೊಡಕು ಎರಡು. ಆ ಕಡೆಯ ಪ್ರೊಫೆಸರ್ ಒಪ್ಪಬೇಕು, ಅದಕ್ಕೆ ನೀವೇ ಮೇಲ್ ಬರೆದು ಬೆನ್ನು ಹತ್ತಬೇಕು. ಮತ್ತೆ ಜೂನ್ ಒಳಗೆ ರಿಪೋರ್ಟ್ ಮುಗಿಸದಿದ್ದರೆ ಕಂಪನಿ ಕೇಳುವ ಪ್ರೊವಿಜನಲ್ ಸರ್ಟಿಫಿಕೇಟ್ ತಡವಾಗುತ್ತದೆ.

ಮೂರನೆಯದು ಈಗ ಬಿಟ್ಟುಬಿಡುವುದು. ಹೀಗೆ ಮಾಡಿದರೆ ಬಾಗಿಲು ಮುಚ್ಚಿತು ಅಂತಲ್ಲ. ಬಿ.ಇ. ಆದ ಮೇಲೆ ಎರಾಸ್ಮಸ್ ಮುಂಡುಸ್ ಮಾಸ್ಟರ್ಸ್ ಇದೆ. ಕನಿಷ್ಠ ಎರಡು ದೇಶಗಳಲ್ಲಿ ಓದು, ಸ್ಕಾಲರ್‌ಶಿಪ್ ಸಿಕ್ಕರೆ ಟ್ಯೂಷನ್ ಇಲ್ಲ, ಖರ್ಚಿಗೆ ತಿಂಗಳಿಗೆ 1,400 ಯೂರೋ, ಎರಡು ವರ್ಷದವರೆಗೆ. ಸ್ಪರ್ಧೆ ಬಹಳ ಬಿಗಿ, ಆದರೆ 8.4 ಇರುವವರು ಅರ್ಜಿ ಹಾಕದೇ ಇರಬಾರದು. ಕೊನೆಯ ವರ್ಷದಲ್ಲಿರುವಾಗಲೇ ಹಾಕಬಹುದು, ಅರ್ಜಿಗಳು ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ.

ಯಾವ ದಾರಿ ಹಿಡಿದರೂ ಈ ತಿಂಗಳು ಮಾಡಬೇಕಾದ ಕೆಲಸ ಪಾಸ್‌ಪೋರ್ಟ್. 36 ಪುಟದ್ದಕ್ಕೆ 1,500 ರೂಪಾಯಿ. ಅರ್ಜಿ ತುಂಬುವ ಮುಂಚೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಕಾಲೇಜಿನ ಮಾರ್ಕ್ಸ್ ಕಾರ್ಡ್ ಮೂರನ್ನೂ ಎದುರಿಗಿಟ್ಟುಕೊಂಡು ಹೆಸರು ಅಕ್ಷರ ಅಕ್ಷರ ಹೋಲಿಸಿ ನೋಡಿ. ನಮ್ಮ ಕಡೆ ಒಂದರಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ, ಇನ್ನೊಂದರಲ್ಲಿ ಅಡ್ಡಹೆಸರೇ ಇರುವುದಿಲ್ಲ, ಮತ್ತೊಂದರಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಮುಂದೆ ಬ್ಲಾಕ್ಡ್ ಅಕೌಂಟ್ ತೆರೆಯುವಾಗ, ಟಿಕೆಟ್ ತೆಗೆಯುವಾಗ, ಅಲ್ಲಿ ವಿಳಾಸ ನೋಂದಾಯಿಸುವಾಗ ಒಂದೊಂದು ಕಡೆ ಒಂದೊಂದು ಹೆಸರು ಬೀಳುತ್ತದೆ. ಆಧಾರ್ ತಿದ್ದಿಸುವುದಿದ್ದರೆ ಈಗಲೇ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟಿಗೆ ಹಾಕಿ. ಅಗ್ರಿಮೆಂಟಿನ ಪ್ರತಿ ಸಿಕ್ಕ ಮೇಲೆ ಅದರಲ್ಲಿ ಏನಾದರೂ ತಿಳಿಯದಿದ್ದರೆ ಮತ್ತೆ ಬರೆಯಿರಿ, ಸಾಲು ಸಾಲು ಓದಿ ಹೇಳುತ್ತೇನೆ.